ಕೂಗುಕೋಲಿನೊಳಗೆ ಹೊಕ್ಕ ನೀರು

ನಾನು ಒಂದು ಲೋಹಶೋಧಕ. ಅದರಲ್ಲೂ ನೀರಿಗಿಳಿದು ಹುಡುಕುವ ಜಾತಿ. ದೊಡ್ಡ ದೇವಸ್ಥಾನಗಳ ಬಾಗಿಲಲ್ಲಿ ಪೊಲೀಸರು ಜನರ ಮೈಮೇಲೆ ಆಡಿಸುವ ಕಪ್ಪು ಕೋಲು ಇದೆಯಲ್ಲ, ಅದು ನನಗೆ ದೂರದ ನೆಂಟ. ಅದಕ್ಕೆ ಒಣ ಕೆಲಸ, ನನಗೆ ಒದ್ದೆ ಕೆಲಸ.

ಒದ್ದೆ ಕೆಲಸಕ್ಕೆಂದು ಹುಟ್ಟಿದರೂ ನಾನು ಹುಟ್ಟಿದ ಊರಿಗೆ ಸಮುದ್ರವೇ ಇರಲಿಲ್ಲ. ಆರು ತಿಂಗಳು ಹಿಮ ಬೀಳುವ ಯಾವುದೋ ದೂರದೇಶದ ಕಾರ್ಖಾನೆ ಅದು. ಎದೆಯೆತ್ತರದ ಒಂದು ಕೋಲು, ಅದರ ತುದಿಗೆ ಊಟದ ತಟ್ಟೆಯಷ್ಟಗಲದ ದುಂಡು ಪಾದ, ಮೇಲೆ ಹಿಡಿಯ ಹತ್ತಿರ ಹಳದಿ ಪೆಟ್ಟಿಗೆ, ಪೆಟ್ಟಿಗೆಯಿಂದ ಹೊರಟ ಕಪ್ಪು ವಯರು, ವಯರಿನ ತುದಿಯಲ್ಲಿ ಕಿವಿಗೆ ಹಾಕಿಕೊಳ್ಳುವ ಎರಡು ದಪ್ಪ ಬಟ್ಟಲು. ಇಷ್ಟು ನಾನು. ಪಾದದ ಕೆಳಗೆ, ಮರಳಿನಲ್ಲೋ ಕೆಸರಿನಲ್ಲೋ ಲೋಹ ಹೂತಿದ್ದರೆ ನನಗೆ ಗೊತ್ತಾಗುತ್ತದೆ. ಆಗ ಕಿವಿಯ ಬಟ್ಟಲಿನಲ್ಲಿ ಕೂಗುತ್ತೇನೆ. ಪೆಟ್ಟಿಗೆಯ ಮೇಲೆ ಎರಡು ಗುಂಡಿಗಳಿವೆ. ಒಂದು ನನ್ನ ದನಿ ಏರಿಸಲು, ಇಳಿಸಲು. ಇನ್ನೊಂದು, ಕಬ್ಬಿಣ ಕಂಡರೆ ನಾನು ಸುಮ್ಮನಿರಬೇಕೋ ಕೂಗಬೇಕೋ ಎಂದು ಹೇಳಲು.

ನನ್ನ ಪೆಟ್ಟಿಗೆಯ ಮುಚ್ಚಳ ಮುಚ್ಚಿದವಳು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಒಬ್ಬ ಹೆಂಗಸು. ಮುಚ್ಚಳದ ಸುತ್ತ ಕೂರುವ ರಬ್ಬರಿನ ಬಳೆಗೆ ಆಕೆ ಬೆರಳ ತುದಿಯಿಂದ ಜಿಡ್ಡು ಸವರಿದಳು, ಮಗುವಿನ ನೆತ್ತಿಗೆ ಎಣ್ಣೆ ಇಡುವ ಹಾಗೆ. ಆಮೇಲೆ ನನ್ನನ್ನು ನೀರಿನ ಡ್ರಮ್ಮಿನಲ್ಲಿ ಒಂದು ಗಂಟೆ ಮುಳುಗಿಸಿಟ್ಟರು. ತೆಗೆದು ಬಿಚ್ಚಿ ನೋಡಿದರೆ ಒಳಗೆ ಒಂದು ಹನಿಯೂ ಇರಲಿಲ್ಲ. ಆಕೆ ಚೀಟಿಯ ಮೇಲೆ ಗೀಟು ಎಳೆದು ನನ್ನನ್ನು ಮುಂದಕ್ಕೆ ತಳ್ಳಿದಳು. ಅವಳ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ನನ್ನನ್ನು ಕೊಂಡವನು ಯಾನ್ ಎಂಬ ಹಾಲೆಂಡಿನ ಮುದುಕ. ಸರಕಿನ ಹಡಗುಗಳಲ್ಲಿ ಅಡುಗೆ ಮಾಡಿ ನಿವೃತ್ತನಾದವನು. ಹೆಂಡತಿ ತೀರಿಕೊಂಡ ಮೇಲೆ ಪ್ರತಿ ಚಳಿಗಾಲವೂ ಗೋಕರ್ಣಕ್ಕೆ ಬಂದು ಕುಡ್ಲೆ ಕಡಲತೀರದ ಒಂದು ಗುಡಿಸಲಿನಲ್ಲಿ ಇರುತ್ತಿದ್ದ. ಬೆಳಿಗ್ಗೆ ಕಾಫಿ ಕುಡಿದವನೇ ನನ್ನನ್ನು ಹೆಗಲಿಗೇರಿಸಿ ಸೊಂಟಮಟ್ಟದ ನೀರಿಗೆ ಇಳಿದರೆ ಬಿಸಿಲು ಏರುವ ತನಕ ನಮ್ಮಿಬ್ಬರ ತಿರುಗಾಟ. ಪ್ರವಾಸಿಗರು ಅಲೆಯಲ್ಲಿ ಆಡುತ್ತ ಕಳೆದುಕೊಂಡದ್ದನ್ನು ಹುಡುಕಿ ಕೊಡುವುದು ಅವನ ಖುಷಿ.

ಒಮ್ಮೆ ಬೆಳಗಾವಿಯ ಒಬ್ಬ ಶಾಲೆಯ ಟೀಚರು ಮೂಗುಬೊಟ್ಟು ಕಳೆದುಕೊಂಡು ಮರಳಲ್ಲಿ ಕೂತು ಅಳುತ್ತಿದ್ದರು. ಅದು ಅವರ ತಾಯಿಯದಂತೆ. ಸಾಸಿವೆಗಿಂತ ನಾಲ್ಕು ಪಟ್ಟು ದೊಡ್ಡದಿರಬಹುದು, ಅಷ್ಟೇ. ಯಾನ್ ಎರಡು ದಿನ ಹುಡುಕಿದ. ಎರಡನೆಯ ದಿನ ಮಧ್ಯಾಹ್ನ ನನಗೆ ಅದರ ಸುಳಿವು ಸಿಕ್ಕಿತು. ನಾನು ಎಷ್ಟು ಮೆಲ್ಲಗೆ ಕೂಗಿದೆನೆಂದರೆ ಬೇರೆಯವರಾಗಿದ್ದರೆ ಅಲೆಯ ಸದ್ದೆಂದು ಮುಂದೆ ಹೋಗುತ್ತಿದ್ದರು. ಯಾನ್ ನಿಂತ. ಟೀಚರು ಮರುವರ್ಷ ಅವನಿಗೆಂದೇ ಬೆಳಗಾವಿಯಿಂದ ಕುಂದಾ ತಂದುಕೊಟ್ಟರು. ಅವನು ಡಬ್ಬಿಯ ತಳದವರೆಗೆ ಬೆರಳಿನಿಂದ ಬಳಿದು ತಿಂದ.

ಸಂಜೆ ನಲ್ಲಿಯ ಸಿಹಿನೀರಿನಲ್ಲಿ ನನ್ನನ್ನು ತೊಳೆಯುತ್ತಿದ್ದ. ಕಬ್ಬಿಣ ಮಾತ್ರ ಅವನಿಗೆ ಬೇಡ. ಕಡಲತೀರದ ತುಂಬ ಮೊಳೆ, ಬಾಟಲಿ ಮುಚ್ಚಳ. ಅದಕ್ಕೆ ಎರಡನೆಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಕಬ್ಬಿಣದ ಮಟ್ಟಿಗೆ ನನ್ನ ಬಾಯಿ ಕಟ್ಟಿಬಿಟ್ಟಿದ್ದ.

ಒಂಬತ್ತನೆಯ ಚಳಿಗಾಲದಲ್ಲಿ ಅವನ ಮಂಡಿಗಳು ಸೋತವು. ಊರಿಗೆ ಹೊರಡುವ ದಿನ ನನ್ನನ್ನು ಜಟ್ಟಿ ಅಂಬಿಗನ ಕೈಗಿಟ್ಟ. ಜಟ್ಟಿ ಪ್ರವಾಸಿಗರನ್ನು ದೋಣಿಯಲ್ಲಿ ಕಡಲತೀರದಿಂದ ಕಡಲತೀರಕ್ಕೆ ಸಾಗಿಸುತ್ತಿದ್ದವನು. ಯಾನ್‌ನನ್ನು ಒಂಬತ್ತು ವರ್ಷ ಪುಕ್ಕಟೆ ಕೂರಿಸಿಕೊಂಡು ತಿರುಗಿದವನು.

“ಸಿಹಿನೀರಿನಲ್ಲಿ ತೊಳೆ. ಕೆಲಸವಿಲ್ಲದಾಗ ಬ್ಯಾಟರಿ ತೆಗೆದಿಡು. ರಬ್ಬರಿಗೆ ಜಿಡ್ಡು ಹಚ್ಚು,” ಎಂದು ಯಾನ್ ಬೆರಳು ಮಡಿಸಿ ಹೇಳಿದ. ಜಟ್ಟಿ ಮೂರಕ್ಕೂ ತಲೆಯಾಡಿಸಿದ. ಅವುಗಳಲ್ಲಿ ಅವನು ಮಾಡಿದ್ದು ಬ್ಯಾಟರಿ ತೆಗೆದದ್ದೊಂದೇ, ಅದೂ ಮನೆಯ ಟಾರ್ಚಿಗೆ ಬೇಕಿತ್ತೆಂದು. ಯಾನ್ ನನ್ನ ಹಳದಿ ಪೆಟ್ಟಿಗೆಯನ್ನು ಒಮ್ಮೆ ತಟ್ಟಿ ರಿಕ್ಷಾ ಹತ್ತಿದ. ಅವನು ಮತ್ತೆ ಬರಲಿಲ್ಲ.

ಜಟ್ಟಿಯ ಮನೆ ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ, ಬೆಳ್ಳಕೂರ್ವೆಯಲ್ಲಿ. ಕೂರ್ವೆ ಅಂದರೆ ಹೊಳೆಯ ನಡುವಿನ ನಡುಗಡ್ಡೆ. ಎಲ್ಲಿ ಹೋಗಬೇಕಾದರೂ ದೋಣಿಯೇ ಗತಿ. ಒಂದು ತಿಂಗಳು ಅವನು ನನ್ನನ್ನು ಹಿಡಿದು ಬಂಗಾರದ ಕನಸು ಕಂಡ. ಸಿಕ್ಕಿದ್ದು ಒಂದು ಹಿತ್ತಾಳೆಯ ಚಿಲಕ, ಯಾರದೋ ಕಾರಿನ ಕೀಲಿಕೈ, ಮೂರು ಚಮಚ.

“ಯಾನ್ ನಿಂಗೆ ಚಿನ್ನ ಹುಡುಕೂ ಕೋಲು ಕೊಟ್ಟಿದ್ನೋ, ಚಮಚ ಹುಡುಕೂದು ಕೊಟ್ಟಿದ್ನೋ?” ಎಂದು ಹೆಂಡತಿ ನಾಗವೇಣಿ ನಗುತ್ತಿದ್ದಳು. ನನಗೆ ‘ಕೂಗುಕೋಲು’ ಎಂದು ಹೆಸರಿಟ್ಟವಳೂ ಅವಳೇ. ಮಳೆಗಾಲ ಬಂದಾಗ ಜಟ್ಟಿ ನನ್ನನ್ನು ಬಲೆ, ಹುಟ್ಟುಗಳ ಜೊತೆ ಕೊಟ್ಟಿಗೆಯ ಗೋಡೆಗೆ ತೂಗುಹಾಕಿದ.

ಅಲ್ಲಿಯೇ ನನಗೆ ಗಾಯವಾದದ್ದು. ಒಂದು ಇಲಿ ಬಂದು ಬಲೆಯ ಹುರಿಯ ರುಚಿ ನೋಡಿತು, ಹಿಡಿಸಲಿಲ್ಲ. ಆಮೇಲೆ ನನ್ನ ಕಪ್ಪು ವಯರಿಗೆ ಹಲ್ಲಿಟ್ಟಿತು. ಪೆಟ್ಟಿಗೆಯಿಂದ ಒಂದು ಮೊಳ ದೂರದಲ್ಲಿ, ಅಕ್ಕಿಕಾಳಿನಷ್ಟು ಸಣ್ಣ ಗಾಯ. ಒಳಗಿನ ತಂತಿ ತುಂಡಾಗಲಿಲ್ಲ. ಕಪ್ಪು ವಯರಿನ ಮೇಲೆ ಕಪ್ಪು ತೂತು, ಯಾರ ಕಣ್ಣಿಗೂ ಬೀಳಲಿಲ್ಲ.

ಆ ವರ್ಷ ದಸರೆ ಕಳೆದ ಮೇಲೆ ಜಟ್ಟಿಯ ಅಕ್ಕ ಬೀರಮ್ಮನಿಗೆ ಮೊಳೆ ಹೊಕ್ಕಿತು.

ಬೀರಮ್ಮ ಪಕ್ಕದ ಮನೆಯಲ್ಲಿ ಒಬ್ಬಳೇ ಇದ್ದವಳು. ವಯಸ್ಸು ಅರವತ್ತರ ಹತ್ತಿರ. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ಬೆಳಚು ತೆಗೆದು ಬದುಕಿದವಳು. ಬೆಳಚು ಅಂದರೆ ಹೊಳೆಯ ಕೆಸರಿನಲ್ಲಿ ಬೆಳೆಯುವ ಚಿಪ್ಪಿ. ಉಬ್ಬರ ತಗ್ಗಿ ನೀರು ಇಳಿಯುವ ಇಳಿತದ ಹೊತ್ತಿಗೆ ಕೂರ್ವೆಯ ಹೆಂಗಸರೆಲ್ಲ ಬುಟ್ಟಿ ಹಿಡಿದು ನೀರಿಗಿಳಿಯುತ್ತಾರೆ, ಬರಿಗಾಲಿನಲ್ಲಿ ಕೆಸರು ತಡಕಿ, ಚಿಪ್ಪಿ ತಾಗಿದ ಕಡೆ ಬಗ್ಗಿ ಬಾಚುತ್ತಾರೆ. ಕಾಲೇ ಅವರ ಕಣ್ಣು. ಚಪ್ಪಲಿ ಹಾಕಿದರೆ ಬೆಳಚು ಗೊತ್ತಾಗುವುದಿಲ್ಲ.

ಅವರಿಗೆ ಒಳ್ಳೆಯ ಬೆಳಚು ಸಿಗುತ್ತಿದ್ದದ್ದು ಹಳೆಯ ಧಕ್ಕೆಯ ಹತ್ತಿರ. ಒಂದು ಕಾಲಕ್ಕೆ ಅಲ್ಲಿ ದೋಣಿ ನಿಲ್ಲಲು ಮರದ ಧಕ್ಕೆಯಿತ್ತು. ಒಂದು ದೊಡ್ಡ ನೆರೆ ಅದನ್ನು ಕಿತ್ತುಹಾಕಿತು. ಹಲಗೆಗಳು ಮುರಿದು ಕೆಸರಿನಲ್ಲಿ ಹೂತವು. ಬಹಳ ವರ್ಷ ಅವು ಆಳದಲ್ಲೇ ಇದ್ದವು. ಈ ಮಳೆಗಾಲದ ಹೊಳೆ ಮೇಲಿನ ಕೆಸರನ್ನು ಕೊಚ್ಚಿಕೊಂಡು ಹೋಯಿತು. ಹಲಗೆಗಳಲ್ಲಿ ಉಳಿದಿದ್ದ ಗೇಣುದ್ದದ ಮೊಳೆಗಳು ಮೇಲ್ಮುಖವಾಗಿ ನಿಂತವು.

ಬೀರಮ್ಮ ಬುಟ್ಟಿ ತುಂಬಿಸಿಕೊಂಡು ತಿರುಗಿದಳು, ಹೆಜ್ಜೆ ಇಟ್ಟಳು. ಮೊಳೆ ಅಂಗಾಲಿನಿಂದ ಹೊಕ್ಕು ಮೇಲೆ ಬಂದಿತ್ತಂತೆ. ಅವಳಿಗೆ ಸಕ್ಕರೆ ಕಾಯಿಲೆಯೂ ಇತ್ತು. ಕುಮಟೆಯ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಇದ್ದು, ಎಡಗಾಲಿನ ಎರಡು ಬೆರಳು ಕಳೆದುಕೊಂಡು ಬಂದಳು. ಆಮೇಲೆ ಜಗಲಿಯಲ್ಲಿ ಕೂತು ಹೊಳೆ ನೋಡುವುದೇ ಅವಳ ಕೆಲಸವಾಯಿತು.

ಇನ್ನಿಬ್ಬರಿಗೆ ಮೊಳೆ ಗೀರಿತು. ಹೆಂಗಸರು ಹೆದರಿ ಧಕ್ಕೆಯ ಕಡೆ ಹೋಗುವುದನ್ನೇ ಬಿಟ್ಟರು. ಹೊಟ್ಟೆ ಕೇಳಬೇಕಲ್ಲ, ಹೊಳೆ ಕಡಲಿಗೆ ಬೀಳುವ ಅಳಿವೆಯ ಬಾಯಿಗೆ ಹೋಗತೊಡಗಿದರು. ಅಲ್ಲಿ ಹೊಳೆಯ ಸೆಳವು ಜೋರು. ಜನವರಿಯ ಒಂದು ಸಂಜೆ ನಾಗವೇಣಿಯ ಕಾಲು ತಪ್ಪಿತು. ಬುಟ್ಟಿ ಬಿಟ್ಟಳು, ಸೀರೆ ಕಾಲಿಗೆ ಸುತ್ತಿಕೊಂಡಿತು. ಪುಣ್ಯಕ್ಕೆ ಜಟ್ಟಿಯ ದೋಣಿ ಆಗಷ್ಟೇ ಮನೆಗೆ ತಿರುಗುತ್ತಿತ್ತು. ಅವನು ಹೆಂಡತಿಯನ್ನು ಕೂದಲು ಹಿಡಿದು ಮೇಲೆಳೆದ.

ಅವಳು ಒದ್ದೆ ಸೀರೆಯಲ್ಲೇ ಬೀರಮ್ಮನ ಜಗಲಿಯಲ್ಲಿ ಕೂತು ನಡುಗುತ್ತಿದ್ದಳು. ಬೀರಮ್ಮ ಬಿಸಿ ಗಂಜಿ ತಂದುಕೊಟ್ಟಳು. ಆಮೇಲೆ ಬೀರಮ್ಮ ಕೇಳಿದಳು.

“ಜಟ್ಟೀ, ಆ ಕೂಗುಕೋಲು ಕಬ್ಬಿಣ ಕಂಡ್ರೂ ಕೂಗ್ತದನಾ?”

“ಕೂಗ್ತದೆ ಅಕ್ಕಾ. ಅದರ ಕಾಟ ತಡೀಲಾರ್ದೇ ಯಾನ್ ಗುಂಡಿ ತಿರುಗಿಸಿ ಬಾಯಿ ಕಟ್ಟಿಟ್ಟಿದ್ದ.”

“ಹಂಗಾರೆ ಬಾಯಿ ಬಿಚ್ಚು.”

ಮಾರನೆಯ ದಿನ ಬೀರಮ್ಮ ಹಳೆಯ ರಬ್ಬರ್ ಬೂಟು ಹಾಕಿಕೊಂಡು, ತಲೆಯ ಸೆರಗಿನ ಮೇಲೆ ನನ್ನ ಬಟ್ಟಲುಗಳನ್ನು ಏರಿಸಿಕೊಂಡು ನೀರಿಗಿಳಿದಳು. ಕೋಲು ತಾನು ಹಿಡಿಯುತ್ತೇನೆಂದ ಜಟ್ಟಿ, ಅವಳು ಬೇಡವೆಂದಳು. “ಧಕ್ಕೆ ಎಲ್ಲಿತ್ತು, ಹಲಗೆ ಯಾವ ಬದಿಗೆ ಬಿತ್ತು, ನಂಗೊತ್ತು. ನೀ ಹಾರೆ ಹಿಡ್ಕಂಡು ಹಿಂದೆ ಬಾ.”

ನಾನು ಕಬ್ಬಿಣಕ್ಕೆ ಕೂಗಿ ಎಷ್ಟು ಕಾಲವಾಗಿತ್ತು! ಹತ್ತು ಹೆಜ್ಜೆಗೆ ಮೊದಲ ಮೊಳೆ ಸಿಕ್ಕಿತು. ಬೀರಮ್ಮ ಬೆಚ್ಚಿಬಿದ್ದು ನಿಂತಳು. ಕೋಲು ಆಚೀಚೆ ಆಡಿಸಿ ಮತ್ತೆ ಕೇಳಿಸಿಕೊಂಡಳು. “ಇಲ್ಲಿ,” ಎಂದಳು. ಜಟ್ಟಿ ಬಗೆದು ಮೊಳೆಯ ಸಮೇತ ಹಲಗೆಯ ತುಂಡು ಎತ್ತಿದ. ಅವಳು ಆ ಮೊಳೆಯನ್ನು ಕೈಯಲ್ಲಿ ಹಿಡಿದು ಉದ್ದ ನೋಡಿ ದೋಣಿಗೆ ಎಸೆದಳು.

ಒಂಬತ್ತು ಮೊಳೆ ತೆಗೆದಿದ್ದೆವು. ಹತ್ತನೆಯದಕ್ಕೆ ಬೀರಮ್ಮ ತಾನೇ ಬಗ್ಗಿದಳು. ಬಗ್ಗಿದಾಗ ನನ್ನ ವಯರು ಅವಳ ಹೆಗಲಿನಿಂದ ಜಾರಿ, ಬಿಲ್ಲಿನಂತೆ ಬಾಗಿ ನೀರಿನಲ್ಲಿ ತೇಲಿತು. ಇಲಿ ಕಚ್ಚಿದ ಗಾಯದೊಳಗೆ ಉಪ್ಪುನೀರು ಹೊಕ್ಕಿತು. ಹೊಕ್ಕಿದ್ದು ಅಲ್ಲೇ ನಿಲ್ಲಲಿಲ್ಲ. ವಯರಿನ ಹೊರಪದರಕ್ಕೂ ಒಳಗಿನ ತಂತಿಗಳಿಗೂ ನಡುವಿನ ಸಂದಿಯಲ್ಲಿ, ಬತ್ತಿಗೆ ಎಣ್ಣೆ ಏರಿದ ಹಾಗೆ ಮೆಲ್ಲಗೆ ಹರಿದು ನನ್ನ ಪೆಟ್ಟಿಗೆ ಸೇರಿತು. ನಾನು ಲೋಹವಿಲ್ಲದ ಕಡೆಯೂ ಚೀರತೊಡಗಿದೆ. ನಿಲ್ಲಿಸಲು ನನ್ನಿಂದಾಗಲಿಲ್ಲ. ಕೊನೆಗೆ ಗೊರ್ ಎಂದು ಮಾತು ನಿಂತೇಹೋಯಿತು.

ಜಟ್ಟಿ ಪೆಟ್ಟಿಗೆ ಬಿಚ್ಚಿ ಬಗ್ಗಿಸಿದ. ಕಂದು ಬಣ್ಣದ ನೀರು ಸುರಿಯಿತು.

“ಮುಚ್ಚಳದಿಂದ ಹೊಕ್ಕದೆ,” ಎಂದ. ಎಲ್ಲರೂ ಹೌದೆಂದರು. ಪೆಟ್ಟಿಗೆಯಲ್ಲಿ ನೀರಿದ್ದರೆ ಪೆಟ್ಟಿಗೆಯಿಂದಲೇ ಹೊಕ್ಕಿರಬೇಕು, ಮತ್ತೆಲ್ಲಿಂದ ಎಂದು ಯಾರಿಗಾದರೂ ಅನ್ನಿಸುತ್ತದೆ. ನಾಗವೇಣಿ ನನ್ನನ್ನು ಕುಚ್ಚಲಕ್ಕಿಯ ಡ್ರಮ್ಮಿನಲ್ಲಿ ಹೂತಿಟ್ಟಳು, ಮೊಬೈಲು ನೀರಿಗೆ ಬಿದ್ದಾಗ ಹಾಗೆ ಮಾಡುತ್ತಾರೆಂದು. ಮೂರು ದಿನ ಆ ಅಕ್ಕಿಯ ಬೆಚ್ಚನೆಯ ವಾಸನೆಯಲ್ಲಿ ಮಲಗಿದ್ದೆ. ನನ್ನ ಬಾಳಿನಲ್ಲಿ ಅಷ್ಟು ಸುಖವಾದ ಹಾಸಿಗೆ ಇನ್ನೊಂದು ಸಿಗಲಿಲ್ಲ. ಜಟ್ಟಿ ದೋಣಿಯ ಬಿರುಕಿಗೆ ಹಚ್ಚುವ ಅಂಟನ್ನು ಮುಚ್ಚಳದ ಸುತ್ತ ದಪ್ಪಗೆ ಮೆತ್ತಿದ. ನಾನು ಮತ್ತೆ ಮಾತಾಡಿದೆ. ಮತ್ತೆ ಬೀರಮ್ಮ ಬಗ್ಗಿದಳು, ಮತ್ತೆ ನೀರು ಹೊಕ್ಕಿತು.

ಆಗ ನನ್ನನ್ನು ಗೋಣಿಚೀಲದಲ್ಲಿ ಸುತ್ತಿ ಕುಮಟೆಯ ಸಿಸಿಲಿಬಾಯಿಯ ಅಂಗಡಿಗೆ ಒಯ್ದರು.

ಸಿಸಿಲಿಬಾಯಿ ತಂದೆಯಿಂದ ರೇಡಿಯೋ ರಿಪೇರಿ ಕಲಿತವಳು. ರೇಡಿಯೋ ಕಾಲ ಮುಗಿದ ಮೇಲೆ ಮೀನು ದೋಣಿಗಳ ವೈರ್‌ಲೆಸ್ಸು, ಮೀನು ತೋರಿಸುವ ಯಂತ್ರ ಎಲ್ಲ ಅವಳ ಟೇಬಲ್ಲಿಗೇ ಬರುತ್ತಿದ್ದವು. ಉಪ್ಪುನೀರು ಕುಡಿದ ಯಂತ್ರಗಳಿಗೆ ಅವಳೇ ಡಾಕ್ಟರು. ಜಟ್ಟಿ ಮೆತ್ತಿದ ಅಂಟನ್ನು ಕಂಡು ಅವಳ ಮುಖ ಹುಳಿಯಾಯಿತು.

“ಇದೆಂತಾ ಮಾರಾಯಾ, ಗಾಯಕ್ಕೆ ಗಾರೆ ಮಾಡಿದ್ಯಲ್ಲ!”

ಬ್ಲೇಡಿನಿಂದ ಅಷ್ಟನ್ನೂ ಕೆರೆದಳು. ಒಳಗೆ ತಾಮ್ರದ ಮೇಲೆ ಕಟ್ಟಿದ್ದ ಹಸಿರು ಕಿಲುಬನ್ನು ಹಲ್ಲುಜ್ಜುವ ಬ್ರಷ್ಷಿಗೆ ಸ್ಪಿರಿಟ್ ಹಾಕಿ ಉಜ್ಜಿ ತೆಗೆದಳು. ರಬ್ಬರಿನ ಬಳೆ ಒಣಗಿ ಬಿರಿದಿತ್ತು, ಹೊಸದು ಹಾಕಿ ಜಿಡ್ಡು ಸವರಿದಳು. ಆಮೇಲೆ ಪೆಟ್ಟಿಗೆಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಮೇಲೊಂದು ಕಲ್ಲು ಹೇರಿದಳು. ಒಂದು ಗಂಟೆಯ ಮೇಲೆ ಬಿಚ್ಚಿದರೆ ಒಳಗೆ ಒಣ. “ಸರಿ ಆಯ್ತು, ತಕಂಡು ಹೋಗು,” ಎಂದಳು.

ಪಾಪ, ಅವಳ ತಪ್ಪಲ್ಲ. ಬಕೆಟ್ಟಿನಲ್ಲಿ ಮುಳುಗಿದ್ದು ಪೆಟ್ಟಿಗೆ ಮಾತ್ರ. ವಯರು ಹೊರಗೆ, ಒಣ ನೆಲದ ಮೇಲೆ ಮಲಗಿತ್ತು. ಆ ಒಂದು ಗಂಟೆ ನಾನು ಪಟ್ಟ ಸಂಕಟ ಹೇಳಿ ಪ್ರಯೋಜನವಿಲ್ಲ. ಮಣ್ಣಿನೊಳಗಿನ ಸೂಜಿ ಇಲ್ಲಿದೆ ಎಂದು ಕೂಗಬಲ್ಲೆ, ನನ್ನ ಮೈಯ ಗಾಯ ಇಲ್ಲಿದೆ ಎಂದು ಹೇಳಲಾರೆ.

ಬೀರಮ್ಮ ಶಿವರಾತ್ರಿ ಕಳೆದ ಅಮಾವಾಸ್ಯೆಗೆ ಕಾದಳು. ಹತ್ತಿರದ ಮೊಳೆಗಳನ್ನು ತೆಗೆದಾಗಿತ್ತು. ಉಳಿದದ್ದು ಧಕ್ಕೆಯ ಹೊರಬದಿ. ಅಲ್ಲಿ ನೀರು ಮೊಣಕಾಲಿನ ಮಟ್ಟಕ್ಕೆ ಇಳಿಯುವುದು ಅಂಥ ಅಮಾವಾಸ್ಯೆಯ ಮೂರ್ನಾಲ್ಕು ದಿನ ಮಾತ್ರ. ಅದು ತಪ್ಪಿದರೆ ಮತ್ತೆ ಎಂದೋ. ಅಷ್ಟರಲ್ಲಿ ಮಳೆ ಬಂದರೆ ಹೊಳೆ ಮೊಳೆಗಳನ್ನು ಎಲ್ಲೆಲ್ಲಿಗೆ ಒಯ್ಯುತ್ತದೋ ಯಾರು ಬಲ್ಲರು?

ಅಮಾವಾಸ್ಯೆಯ ಬೆಳಗಿನ ಇಳಿತಕ್ಕೆ ಊರಿನ ಹೆಂಗಸರೆಲ್ಲ ದಡದಲ್ಲಿ ಸೇರಿದ್ದರು. ನಾಲ್ಕು ಮೊಳೆ ಸಿಕ್ಕವು. ಐದನೆಯದಕ್ಕೆ ನಾನು ಮತ್ತೆ ಚೀರಿ, ಗೊರಗುಟ್ಟಿ, ಸುಮ್ಮನಾದೆ.

ದಡದಲ್ಲಿ ಯಾರೋ ನಕ್ಕರು. “ನೀರಿನ ಯಂತ್ರ ಅಂತೆ, ನೀರೇ ಆಗೂದಿಲ್ಲ ಅಂತೆ.” ಜಟ್ಟಿಗೆ ಸಿಟ್ಟು ಬಂತು. ನನ್ನನ್ನು ದೋಣಿಯೊಳಗೆ ಒಗೆದ. “ಸಾಕು ಅಕ್ಕಾ. ಇದ್ನ ಗುಜರಿಗೆ ಹಾಕ್ತೆ.”

ಬೀರಮ್ಮ ನನ್ನನ್ನು ಎತ್ತಿಕೊಂಡು ಮಡಿಲಲ್ಲಿಟ್ಟು ಸೆರಗಿನಿಂದ ಒರೆಸಿದಳು. ಆಮೇಲೆ ನಾಗವೇಣಿಯ ಕೈಲಿ ಸಿಸಿಲಿಬಾಯಿಗೆ ಫೋನು ಹಚ್ಚಿಸಿದಳು.

“ಬಾಯಿ, ನೀವು ಅಂಗಡೀಲಿ ಕೂತು ನೋಡಿದ್ರಿ. ಇದು ಅಂಗಡೀಲಿ ಹಾಳಾಗೂದಲ್ಲ, ಹೊಳೇಲಿ ಹಾಳಾಗೂದು. ಒಂದ್ಸಲ ಹೊಳೆಗೆ ಬನ್ನಿ.”

ಆ ಕಡೆಯಿಂದ ಏನು ಹೇಳಿದಳೋ ನನಗೆ ಕೇಳಲಿಲ್ಲ. ಬೀರಮ್ಮ ಮತ್ತೆ ಹೇಳಿದ್ದು ಇಷ್ಟೇ. “ನನ್ನ ಎರಡು ಬೆರಳು ಹೋಯ್ತು, ಹೋಗ್ಲಿ. ಉಳಿದವರದ್ದು ಉಳಿಸ್ವಾ ಅಂತ.”

ಮಾರನೆಯ ದಿನ ಬೆಳಗಿನ ಮೊದಲ ದೋಣಿಗೆ ಸಿಸಿಲಿಬಾಯಿ ಬಂದಿಳಿದಳು. ಒಂದು ಕೈಯಲ್ಲಿ ಸಾಮಾನಿನ ಚೀಲ, ಇನ್ನೊಂದರಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು. ಚೂಡಿದಾರದ ಕಾಲು ಮೊಣಕಾಲಿನವರೆಗೆ ಮಡಚಿ, “ನೀವು ಹ್ಯಾಂಗೆ ಕೆಲಸ ಮಾಡ್ತ್ರಿ ಹಾಂಗೇ ಮಾಡಿ ತೋರ್ಸಿ ಬೀರಕ್ಕಾ,” ಎಂದಳು.

ಸತ್ತು ಮಲಗಿದ್ದ ನನ್ನನ್ನು ಹಿಡಿದು ಬೀರಮ್ಮ ನೀರಿಗಿಳಿದಳು. ಬಟ್ಟಲುಗಳನ್ನು ಕಿವಿಗಿಟ್ಟಳು. ನಡೆದಳು, ನಿಂತಳು, ಬಗ್ಗಿದಳು.

“ಅಲ್ಲೇ! ಹಾಂಗೇ ಇರಿ!” ಎಂದು ಸಿಸಿಲಿಬಾಯಿ ಕೂಗಿದಳು.

ಬೀರಮ್ಮ ಬಗ್ಗಿದಲ್ಲೇ ಕಲ್ಲಾದಳು. ಸಿಸಿಲಿಬಾಯಿ ನೀರು ಸೀಳಿಕೊಂಡು ಬಂದು, ಹೊಳೆಯಲ್ಲಿ ತೇಲುತ್ತಿದ್ದ ನನ್ನ ವಯರನ್ನು ಎರಡು ಬೆರಳಿನಲ್ಲಿ ಎತ್ತಿದಳು. ಅದರಿಂದ ಹನಿ ತೊಟ್ಟಿಕ್ಕುವುದನ್ನು ನೋಡುತ್ತ ನಿಂತಳು. “ನಾನು ಇದನ್ನು ನೀರಿಗೆ ಹಾಕ್ಲೇ ಇಲ್ಲ,” ಎಂದು ತನಗೆ ತಾನೇ ಹೇಳಿಕೊಂಡಳು.

ಬೀರಮ್ಮನ ಅಂಗಳಕ್ಕೆ ಹಂಡೆ ಬಂತು. ಸಿಹಿನೀರು ತುಂಬಿಸಿದರು. ಸಿಸಿಲಿಬಾಯಿ ನನ್ನ ಬ್ಯಾಟರಿಯ ಮುಚ್ಚಳ ತೆಗೆದು, ಆ ಜಾಗಕ್ಕೆ ತಾನು ಮಾಡಿಕೊಂಡು ತಂದ ಬೇರೆ ಮುಚ್ಚಳ ಹಾಕಿದಳು. ಅದರ ನಡುವೆ ಸೈಕಲ್ ಟ್ಯೂಬಿನ ವಾಲ್ವು ಕೂರಿಸಿತ್ತು. ಪೆಟ್ಟಿಗೆ, ವಯರು, ಬಟ್ಟಲು ಎಲ್ಲವನ್ನೂ ಹಂಡೆಯೊಳಗೆ ಮುಳುಗಿಸಿದಳು.

“ಜಟ್ಟೀ, ಮೆಲ್ಲಗೆ ಒತ್ತು. ಟಯರಿಗೆ ಹೊಡೆದ ಹಾಂಗೆ ಹೊಡೀಬೇಡ, ಒಡೆದು ಹೋದೀತು.”

ಜಟ್ಟಿ ಒಮ್ಮೆ ಒತ್ತಿದ. ನನ್ನೊಳಗೆ ಗಾಳಿ ತುಂಬಿತು. ಮುಚ್ಚಳದ ಸುತ್ತ ಒಂದು ಗುಳ್ಳೆಯೂ ಏಳಲಿಲ್ಲ. ಗುಂಡಿಗಳ ಬುಡದಲ್ಲೂ ಇಲ್ಲ. ಎಲ್ಲರೂ ಹಂಡೆಯ ಮೇಲೆ ಬಗ್ಗಿದ್ದರು. ಜಟ್ಟಿ ಇನ್ನೊಮ್ಮೆ ಒತ್ತಿದ. ಗಾಳಿ ವಯರಿನೊಳಗೆ ಹೊಕ್ಕು, ನೀರು ಬಂದ ದಾರಿಯಲ್ಲೇ ವಾಪಸು ಹೊರಟಿತು. ಒಂದು ಮೊಳ ದೂರದಲ್ಲಿ, ಆ ಅಕ್ಕಿಕಾಳಿನಷ್ಟು ಗಾಯದಿಂದ ಸಣ್ಣ ಗುಳ್ಳೆ ಎದ್ದಿತು. ಹಿಂದೆಯೇ ಇನ್ನೊಂದು. ಆಮೇಲೆ ಮುತ್ತಿನ ಸರದಂತೆ ಒಂದರ ಹಿಂದೊಂದು.

“ಇಗಾ! ಇಗಾ!” ಎಂದು ನಾಗವೇಣಿ ಚಪ್ಪಾಳೆ ತಟ್ಟಿದಳು. ಬೀರಮ್ಮ ಹಂಡೆಗೆ ಕೈಹಾಕಿ ಆ ಜಾಗವನ್ನು ಬೆರಳಿನಿಂದ ಒತ್ತಿದಳು. ಗುಳ್ಳೆ ನಿಂತಿತು. ಬೆರಳು ತೆಗೆದಳು, ಮತ್ತೆ ಬಂತು. ಇಷ್ಟು ದಿನದ ಮೇಲೆ ಯಾರೋ ನನ್ನ ನೋವಿರುವ ಕಡೆಯೇ ಮುಟ್ಟಿದರು.

“ಇಲಿ ಹಲ್ಲು,” ಎಂದಳು ಸಿಸಿಲಿಬಾಯಿ, ಕನ್ನಡಕ ಏರಿಸಿ ನೋಡಿ. ಎಲ್ಲರೂ ಜಟ್ಟಿಯ ಮುಖ ನೋಡಿದರು. ಜಟ್ಟಿ ಕೊಟ್ಟಿಗೆಯ ಕಡೆ ನೋಡಿದ.

ಸಿಸಿಲಿಬಾಯಿ ಗಾಯವಿದ್ದ ಭಾಗವನ್ನೇ ಕತ್ತರಿಸಿ ತೆಗೆದಳು. ಒಳಗೆ ಸಿಹಿನೀರು ಬಿಟ್ಟು ಉಪ್ಪು ತೊಳೆದಳು, ಸ್ಪಿರಿಟ್ ಬಿಟ್ಟು ನೀರು ಓಡಿಸಿದಳು. ಆಮೇಲೆ ಉಳಿದ ವಯರನ್ನು ಮತ್ತೆ ಜೋಡಿಸಿ, ಅದು ಪೆಟ್ಟಿಗೆಗೆ ಸೇರುವ ಬಾಯಿಯಲ್ಲಿ ಒಂದೊಂದು ತಂತಿಯ ಹೊದಿಕೆಯನ್ನೂ ಸುಲಿದು, ಬರಿ ತಾಮ್ರದ ಸುತ್ತ ಗಟ್ಟಿ ಅಂಟು ತುಂಬಿದಳು. “ಇನ್ನು ಇಲಿ ವಯರು ಪೂರಾ ತಿಂದ್ರೂ ನೀರು ಪೆಟ್ಟಿಗೆಗೆ ಬರೂದಿಲ್ಲ. ಬಾಗಿಲಲ್ಲೇ ಕಟ್ಟೆ ಕಟ್ಟಿದ್ದೆ,” ಎಂದಳು. ಅಂಟು ಕಲ್ಲಾಗಲು ಬಿಸಿಲಿನಲ್ಲಿ ನಾಲ್ಕು ಗಂಟೆ ಬೇಕಿತ್ತು. ಕಾಗೆ ಕುಕ್ಕದ ಹಾಗೆ ಬೀರಮ್ಮ ಬಡಿಗೆ ಹಿಡಿದು ನನ್ನ ಪಕ್ಕದಲ್ಲೇ ಕೂತಳು. ಉಳಿದವರು ಊಟಕ್ಕೆ ಎದ್ದರೂ ಅವಳು ಏಳಲಿಲ್ಲ. ಸಿಸಿಲಿಬಾಯಿಯೇ ತಟ್ಟೆ ತಂದು ಅವಳ ಎದುರಿಟ್ಟು, ತಾನೂ ಅಲ್ಲೇ ಕೂತು ಬೆಳಚಿನ ಸುಕ್ಕಾ ತಿಂದಳು.

ಸಂಜೆಯ ಇಳಿತಕ್ಕೆ ಬೀರಮ್ಮ ನನ್ನನ್ನು ಹಿಡಿದು ಹೊರಬದಿಗೆ ಹೊರಟಳು. ನನಗೆ ಭಯವಿತ್ತು. ಬ್ಯಾಟರಿ ಹಾಕಿದಾಗ ಸಣ್ಣಗೆ ದನಿ ಬಂದಿತ್ತು ನಿಜ, ಆದರೆ ನೀರಿನ ಪರೀಕ್ಷೆ ಬಾಕಿಯಿತ್ತು. ಅವಳು ಬೇಕೆಂದೇ ವಯರನ್ನು ನೀರಿಗೆ ಬಿಟ್ಟಳು. ಹತ್ತು ನಿಮಿಷ. ಅರ್ಧ ಗಂಟೆ. ನಾನು ಒಣಗಿಯೇ ಇದ್ದೆ. ಮೊಳೆಯ ಮೇಲೆ ಬಂದಾಗ ಹುಟ್ಟಿದಂದಿನಿಂದ ಕೂಗದ ಹಾಗೆ ಕೂಗಿದೆ.

ಅಂದು ಏಳು ಮೊಳೆ, ಮರುದಿನ ಬೆಳಿಗ್ಗೆ ಹನ್ನೊಂದು, ಸಂಜೆ ಮೂರು. ನಾಲ್ಕನೆಯ ದಿನ ಎರಡು ಇಳಿತವೂ ತಿರುಗಿದೆವು. ಒಂದೂ ಸಿಗಲಿಲ್ಲ. ಧಕ್ಕೆಯ ಉದ್ದಗಲವನ್ನು ನೇಗಿಲು ಹೊಡೆದ ಹಾಗೆ ಸಾಲು ಹಿಡಿದು ಎರಡೆರಡು ಸಲ ನಡೆದರೂ ನಾನು ಸುಮ್ಮನಿದ್ದೆ.

ಆದರೂ ಹೆಂಗಸರು ನೀರಿಗಿಳಿಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತ ಬುಟ್ಟಿ ಹಿಡಿದು ನಿಂತಿದ್ದರು. ತಪ್ಪೇನಿಲ್ಲ. ಯಂತ್ರ ಸುಮ್ಮನಿದೆ ಎಂದರೆ ಮೊಳೆ ಇಲ್ಲವೆಂದೋ, ಯಂತ್ರ ಕೆಟ್ಟಿದೆಯೆಂದೋ? ಮೂರು ಸಲ ಕೆಟ್ಟವನ ಮಾತನ್ನು ಯಾರು ನಂಬುತ್ತಾರೆ?

ಬೀರಮ್ಮ ನನ್ನನ್ನು ನಾಗವೇಣಿಯ ಕೈಗೆ ಕೊಟ್ಟಳು. ದಡದ ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿದಳು. ಆಸ್ಪತ್ರೆಯಿಂದ ಬಂದ ಮೇಲೆ ಆ ಕಾಲನ್ನು ಅವಳು ಯಾರಿಗೂ ತೋರಿಸಿರಲಿಲ್ಲ. ಎರಡು ಬೆರಳಿನ ಜಾಗ ನುಣ್ಣಗೆ ಕೂಡಿಕೊಂಡಿತ್ತು.

“ಅಕ್ಕಾ, ಬೇಡ,” ಎಂದ ಜಟ್ಟಿ. “ಡಾಕ್ಟರು ಎಂತಾ ಹೇಳಿದಾರೆ? ಇನ್ನೊಂದು ಗಾಯ ಆದ್ರೆ ಕಾಲೇ ಹೋಗ್ತದೆ ಅಂದಿದಾರೆ.”

“ಗಾಯ ಆದ್ರೆ ಅಲ್ದಾ?” ಎಂದಳು ಬೀರಮ್ಮ. “ಇಷ್ಟು ದಿನ ಅದು ನನ್ನ ಕಿವೀಲಿ ಕೂಗ್ತೇ ಬಂತು. ಅದು ಯಾವಾಗ ಸುಳ್ಳು ಹೇಳ್ತದೆ, ಯಾವಾಗ ಖರೆ ಹೇಳ್ತದೆ, ನಂಗೆ ತಿಳೀತದೆ.”

ಬರಿಗಾಲಿನಲ್ಲಿ ಇಳಿದಳು. ಒಳಬದಿಯಿಂದ ಹೊರಬದಿಗೆ, ಹೊರಬದಿಯಿಂದ ಒಳಬದಿಗೆ, ಬೆಳಚು ಬೆಳೆಯುವ ಅಷ್ಟೂ ಕೆಸರಿನ ಹಾಸನ್ನು ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದಳು. ನಾನು ನಾಗವೇಣಿಯ ಕೈಯಲ್ಲಿದ್ದೆ. ನಾನು ಒಂದು ಮೊಳೆಯನ್ನಾದರೂ ಕೇಳಿಸಿಕೊಳ್ಳದೆ ಬಿಟ್ಟಿದ್ದರೆ? ಆ ಹೊತ್ತಿನಷ್ಟು ಉದ್ದವಾದ ಹೊತ್ತನ್ನು ನಾನು ಕಂಡಿಲ್ಲ.

ಬೀರಮ್ಮ ನಡುವಿನಲ್ಲಿ ಥಟ್ಟನೆ ನಿಂತಳು. ಜಟ್ಟಿ ನೀರಿಗೆ ಹಾರಿದ. ಅವಳು ಬಗ್ಗಿದಳು, ಕೆಸರಿಗೆ ಕೈ ಹಾಕಿದಳು, ಎರಡು ಹಿಡಿ ತುಂಬ ದಪ್ಪ ದಪ್ಪ ಬೆಳಚು ಮೇಲೆತ್ತಿದಳು.

“ಎಂತಕ್ಕೆ ನಿಂತ್ರಿ?” ಎಂದು ದಡದ ಕಡೆ ಕೂಗಿದಳು. “ನಾಲ್ಕೈದು ತಿಂಗಳು ಯಾರೂ ಮುಟ್ಟದ ಬೆಳಚು. ಬನ್ನಿ!”

ಹೆಂಗಸರು ಸೀರೆ ಎತ್ತಿ ಕಟ್ಟಿ ಇಳಿದರು. ನಾಗವೇಣಿ ನನ್ನನ್ನು ದೋಣಿಯ ಪಟ್ಟಿಗೆ ಒರಗಿಸಿ ತಾನೂ ಓಡಿದಳು. ಆ ಸಂಜೆ ಹೊಳೆಯ ತುಂಬ ಮಾತು, ನಗು, ಬುಟ್ಟಿಯಲ್ಲಿ ಚಿಪ್ಪಿ ಅಲ್ಲಾಡುವ ಸದ್ದು.

ಅಂದಿನಿಂದ ನಾನು ಜಟ್ಟಿಯವನಲ್ಲ, ಬೀರಮ್ಮನವನು. ಜಟ್ಟಿಯೂ ಅದನ್ನು ಒಪ್ಪಿಕೊಂಡ. ಅವಳು ದಿನವೂ ಸಿಹಿನೀರಿನಲ್ಲಿ ತೊಳೆದಳು, ಒರೆಸಿದಳು, ರಬ್ಬರಿಗೆ ಜಿಡ್ಡು ಹಚ್ಚಿದಳು. ಪ್ರತಿ ಮಳೆಗಾಲ ಮುಗಿದ ಕೂಡಲೇ ನಾವಿಬ್ಬರೂ ಮೊದಲು ನೀರಿಗಿಳಿದು ಹಾಸು ನೋಡಿಬರುವುದು ರೂಢಿಯಾಯಿತು. ಮೊದಲ ವರ್ಷ ಎರಡು ಮೊಳೆ ಸಿಕ್ಕವು, ಮರುವರ್ಷ ಒಂದು, ಆಮೇಲೆ ಇಲ್ಲ. ಆಚೆ ದಡದ ಊರುಗಳಿಂದಲೂ ಕರೆ ಬರುತ್ತಿತ್ತು. ಒಬ್ಬರ ಲಂಗರು, ಇನ್ನೊಬ್ಬರ ದೋಣಿಯ ಎಂಜಿನ್ನಿನ ಪಂಖ, ಹೀಗೆ. ಬೀರಮ್ಮ ಕುಂಟುತ್ತ ಬಂದು, ಸೆರಗಿನ ಮೇಲೆ ಬಟ್ಟಲು ಏರಿಸಿ ನಿಂತರೆ ದಡದಲ್ಲಿ ಮಾತು ನಿಲ್ಲುತ್ತಿತ್ತು. ಸಿಸಿಲಿಬಾಯಿ ವರ್ಷಕ್ಕೊಮ್ಮೆ ನನ್ನನ್ನು ನೋಡುವ ನೆಪದಲ್ಲಿ ಬರುತ್ತಿದ್ದಳು. ನನ್ನನ್ನು ನೋಡಲು ಹತ್ತು ನಿಮಿಷ ಸಾಕು. ಉಳಿದ ಹೊತ್ತು ಇಬ್ಬರೂ ಜಗಲಿಯಲ್ಲಿ ಕೂತು ಹರಟುತ್ತಿದ್ದರು.

ಏಳು ವರ್ಷ ಹೀಗೆ ನಡೆಯಿತು. ಈಗ ನನ್ನ ಪಾದ ಬಿರುಕು ಬಿಟ್ಟಿದೆ. ಅದರೊಳಗಿನ ತಂತಿಯ ಸುರುಳಿ ಅಲ್ಲಲ್ಲಿ ತುಂಡಾಗಿದೆ. ಕಳೆದ ಸಲ ಸಿಸಿಲಿಬಾಯಿ ಬಹಳ ಹೊತ್ತು ತಿರುಗಿಸಿ ನೋಡಿ, “ಇದಕ್ಕೆ ಸಾಮಾನು ಸಿಗೂದಿಲ್ಲ ಬೀರಕ್ಕಾ. ಇನ್ನು ಕೂತ್ಕಳ್ಲಿ ಬಿಡಿ, ಸಾಕಷ್ಟು ಮಾಡ್ತು,” ಎಂದಳು. ಬೀರಮ್ಮ ಹೂಂ ಎಂದಳು. ಅವಳೂ ಈಗ ನೀರಿಗೆ ಇಳಿಯುವುದಿಲ್ಲ. ನನ್ನನ್ನು ಜಗಲಿಯ ಮೂಲೆಗೆ, ತನ್ನ ಚಾಪೆಯ ತಲೆಬದಿಗೆ ಒರಗಿಸಿಟ್ಟಿದ್ದಾಳೆ. ಅಲ್ಲಿಂದ ಧಕ್ಕೆಯ ಹಾಸು ಚೆನ್ನಾಗಿ ಕಾಣುತ್ತದೆ.

ಚಿನ್ನ ಹುಡುಕಲೆಂದು ಮಾಡಿದ ಯಂತ್ರ ನಾನು. ನನ್ನ ಬಾಳಿನ ಕೊನೆಯ ಭಾಗ ತುಕ್ಕು ಮೊಳೆ ಹುಡುಕುವುದರಲ್ಲಿ ಹೋಯಿತು. ಅದರ ಬಗ್ಗೆ ನನಗೆ ಬೇಸರವಿಲ್ಲ.

ಮೊನ್ನೆ ನಾಗವೇಣಿಯ ಮನೆಗೆ ಸೊಸೆ ಬಂದಳು. ಅಂಕೋಲೆಯ ಹುಡುಗಿ, ಹೆಸರು ಮಾಲಿನಿ. ಇಳಿತದ ಹೊತ್ತಿಗೆ ಹೊಸ ಬುಟ್ಟಿ ಹಿಡಿದು ಹೊರಟಳು. ದಡದಲ್ಲಿ ಚಪ್ಪಲಿ ಕಳಚಿದಳು, ಸೀರೆ ಎತ್ತಿ ಕಟ್ಟಿದಳು, ಧಕ್ಕೆಯ ನೀರಿಗೆ ದಡಬಡ ಓಡಿದಳು, ಕೆಳಗೆ ನೋಡದೆ. ಬೀರಮ್ಮ ಜಗಲಿಯಿಂದ ಎಚ್ಚರಿಸಲು ಬಾಯಿ ತೆರೆದಳು. ತೆರೆದವಳು, ಅಲ್ಲಿ ಈಗ ಮೊಳೆಯೇ ಇಲ್ಲವೆಂದು ಹೊಳೆದು ಮುಚ್ಚಿದಳು. ಆ ಹುಡುಗಿಗೆ ಮೊಳೆಯ ಸುದ್ದಿಯನ್ನು ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಊರಿನಲ್ಲಿ ಯಾರಿಗೂ ನೆನಪಾಗಿರಲಿಲ್ಲ.